ಮಣ್ಣೊಳಗಿನ ಕೊಳವೆಗೆ ಆಯುಷ್ಯವೆಷ್ಟು?

ಒಂದು ಊರಿನ ಕುಡಿಯುವ ನೀರಿನ ವ್ಯವಸ್ಥೆಯಲ್ಲಿ ಜನರ ಕಣ್ಣಿಗೆ ಬೀಳುವುದು ನದಿ ದಡದ ಜಾಕ್‌ವೆಲ್, ಶುದ್ಧೀಕರಣ ಘಟಕ ಮತ್ತು ಎತ್ತರದ ಟ್ಯಾಂಕು ಮಾತ್ರವಾದರೂ, ಅದಕ್ಕೆ ತೊಡಗಿಸಿದ ಹಣದ ಬಹುಪಾಲು ಬೀದಿಗಳ ಕೆಳಗೆ ಹೂತ ಕೊಳವೆಗಳಲ್ಲಿ ಇರುತ್ತದೆ. ಟ್ಯಾಂಕು ಬಿರುಕುಬಿಟ್ಟರೆ ಎಲ್ಲರಿಗೂ ಕಾಣುತ್ತದೆ, ಮೋಟಾರು ಸುಟ್ಟರೆ ಅದೇ ದಿನ ಊರಿಗೆಲ್ಲ ತಿಳಿಯುತ್ತದೆ; ಕೊಳವೆಯಾದರೋ ಹತ್ತಾರು ವರ್ಷ ಯಾರಿಗೂ ಗೊತ್ತಾಗದಂತೆ ಸವೆದು, ರಸ್ತೆಯ ಮೇಲೆ ನೀರು ಉಕ್ಕಿದಾಗ ಅಥವಾ ನಳದಲ್ಲಿ ಗಟಾರದ ವಾಸನೆ ಬಂದಾಗ ಮಾತ್ರ ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತದೆ. ಅದನ್ನು ಎಷ್ಟು ವರ್ಷ ದುರಸ್ತಿ ಮಾಡುತ್ತಾ ಬಳಸಬೇಕು, ಯಾವ ವರ್ಷ ಕಿತ್ತು ಹೊಸದನ್ನು ಹಾಕಬೇಕು ಎಂಬ ಪ್ರಶ್ನೆ ಕರ್ನಾಟಕದ ಪ್ರತಿಯೊಂದು ನಗರಸಭೆ, ಪುರಸಭೆ ಮತ್ತು ಗ್ರಾಮ ಪಂಚಾಯಿತಿಯ ಮುಂದೆ ಇದೆ. ಬಾದಾಮಿಯ ಮರಳುಗಲ್ಲು, ಹುನಗುಂದದ ಎರೆಭೂಮಿ, ಇಳಕಲ್ಲಿನ ಗ್ರಾನೈಟ್, ಪಟ್ಟದಕಲ್ಲಿನ ಸ್ಮಾರಕಗಳು ಹಾಗೂ ಆಲಮಟ್ಟಿಯ ಹಿನ್ನೀರಿಗೆ ಒಂದು ಭಾಗವನ್ನು ಕೊಟ್ಟ ಹಳೆಯ ಬಾಗಲಕೋಟೆ ಒಂದೇ ಜಿಲ್ಲೆಯಲ್ಲಿ ಇರುವುದರಿಂದ, ಈ ಪ್ರಶ್ನೆಗೆ ಎಲ್ಲ ಊರಿಗೂ ಒಪ್ಪುವ ಒಂದೇ ಉತ್ತರ ಏಕೆ ಸಿಗುವುದಿಲ್ಲ ಎಂಬುದನ್ನು ಬಾಗಲಕೋಟೆ ಜಿಲ್ಲೆ ಬೇರೆಡೆಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಸಾಮಾನ್ಯವಾಗಿ ಕೇಳಿಬರುವ ಉತ್ತರ 30 ವರ್ಷ ಎಂಬುದು. ದೇಶದ ನೀರು ಸರಬರಾಜು ಎಂಜಿನಿಯರುಗಳೆಲ್ಲ ಆಧಾರವಾಗಿ ಬಳಸುವ ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿಯ 1999ರ ಆವೃತ್ತಿಯು ವಿತರಣಾ ಜಾಲಕ್ಕೆ 30 ವರ್ಷಗಳ, ಪಂಪು ಮೋಟಾರುಗಳಿಗೆ 15 ವರ್ಷಗಳ ವಿನ್ಯಾಸಾವಧಿಯನ್ನು ಹೇಳಿದೆ. ವಿನ್ಯಾಸಾವಧಿ ಎಂದರೆ ಮುಂದಿನ ಎಷ್ಟು ವರ್ಷಗಳ ಜನಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದು ಕೊಳವೆಯ ಗಾತ್ರವನ್ನು ಗೊತ್ತುಮಾಡಬೇಕು ಎಂಬುದರ ಅಳತೆಯೇ ಹೊರತು, ಆ ಅವಧಿ ಮುಗಿದ ದಿನ ಕೊಳವೆ ಸಾಯುತ್ತದೆ ಎಂದಲ್ಲ. ಆದರೂ ಕಚೇರಿಯ ಟಿಪ್ಪಣಿಗಳಲ್ಲಿ ಈ ಎರಡೂ ಒಂದಾಗಿ, ಗಟ್ಟಿಯಾಗಿರುವ ಕೊಳವೆಯನ್ನು ಹಳೆಯದೆಂದು ಕೀಳುವುದಕ್ಕೂ, ಹತ್ತು ವರ್ಷಕ್ಕೇ ಹಾಳಾದದ್ದನ್ನು ಇನ್ನೂ ಅವಧಿ ಇದೆಯೆಂದು ಉಳಿಸಿಕೊಳ್ಳುವುದಕ್ಕೂ ಈ ಅಂಕಿಯೇ ನೆಪವಾಗುವುದುಂಟು. ಫ್ರಾನ್ಸಿನ ವರ್ಸೇಲ್ಸ್ ಅರಮನೆಗೆ 17ನೆಯ ಶತಮಾನದಲ್ಲಿ ಹಾಕಿದ ಬೀಡು ಕಬ್ಬಿಣದ ಕೊಳವೆಗಳು ಮುನ್ನೂರಕ್ಕೂ ಹೆಚ್ಚು ವರ್ಷ ನೀರು ಹರಿಸಿದವು. ಅಷ್ಟು ದೂರವೂ ಹೋಗಬೇಕಿಲ್ಲ. 1997ರವರೆಗೆ ಬಾಗಲಕೋಟೆಯನ್ನು ಒಳಗೊಂಡಿದ್ದ ವಿಜಯಪುರ ಜಿಲ್ಲೆಯಲ್ಲಿ, ಮುಹಮ್ಮದ್ ಆದಿಲ್ ಶಾಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದ ನಗರಕ್ಕೆ ಸುಟ್ಟ ಮಣ್ಣಿನ ಕೊಳವೆಗಳ ಮೂಲಕ ನೀರು ಹರಿಯುತ್ತಿತ್ತು. ಕೊಳವೆಗಳ ಸುತ್ತ ಗಾರೆಯ ಕಟ್ಟಡವಿತ್ತು, ಅವುಗಳೊಳಗಿನ ಒತ್ತಡ ಮಿತಿಮೀರದಂತೆ ನಡುನಡುವೆ ಗಂಜ್ ಎಂಬ ನೀರಿನ ಗೋಪುರಗಳಿದ್ದವು. ದುರ್ಬಲವಾದ ಮಣ್ಣಿನ ಕೊಳವೆಯನ್ನೂ ಸುತ್ತಲಿನ ಹಾಸಿಗೆ ಮತ್ತು ಒಳಗಿನ ಒತ್ತಡದ ಮೇಲಿನ ಹಿಡಿತ ಬಹುಕಾಲ ಬದುಕಿಸಬಲ್ಲವು ಎಂಬ ತಿಳಿವಳಿಕೆ ಆ ಕಾಲದ ಕುಶಲಕರ್ಮಿಗಳಿಗೆ ಇತ್ತು.

ಇಂದಿನ ಕೊಳವೆಗಳ ವಿಷಯದಲ್ಲೂ ವಯಸ್ಸಿಗಿಂತ ಮೊದಲು ನೋಡಬೇಕಾದದ್ದು ಅವು ಯಾವುದರಿಂದ ಆದವು, ಯಾವ ನೆಲದಲ್ಲಿ ಮಲಗಿವೆ ಎಂಬುದನ್ನು. ಬೀಡು ಕಬ್ಬಿಣದ ಹಳೆಯ ಕೊಳವೆ ತುಕ್ಕುಹಿಡಿಯುವ ರೀತಿಯೇ ಮೋಸದ್ದು: ತೇವದ ಮಣ್ಣಿನಲ್ಲಿ ಅದರೊಳಗಿನ ಕಬ್ಬಿಣವು ನಿಧಾನವಾಗಿ ಕರಗಿಹೋಗಿ ಗ್ರಾಫೈಟ್ ಎಂಬ ಇಂಗಾಲದ ಅಂಶ ಮಾತ್ರ ಅದೇ ಆಕಾರದಲ್ಲಿ ನಿಲ್ಲುವುದರಿಂದ, ಅಗೆದು ನೋಡಿದವರಿಗೆ ಕೊಳವೆ ಗಟ್ಟಿಯಾಗಿಯೇ ಕಾಣುತ್ತದೆ, ಮೇಲೊಂದು ಲಾರಿ ಹಾದುಹೋದ ದಿನ ಒಡೆಯುತ್ತದೆ. ಆ ಕಾರಣದಿಂದಲೇ ಅನುಭವಿ ಎಂಜಿನಿಯರುಗಳು ಹೊರನೋಟವನ್ನು ನಂಬದೆ, ಒಂದು ತುಂಡನ್ನು ಕತ್ತರಿಸಿ ತೆಗೆದು ಅದರ ಗೋಡೆಯಲ್ಲಿ ಉಳಿದಿರುವ ಲೋಹದ ದಪ್ಪವನ್ನು ಅಳೆಯುತ್ತಾರೆ. ಕಲ್ನಾರು ಮತ್ತು ಸಿಮೆಂಟ್ ಸೇರಿಸಿ ಮಾಡಿದ ಎ.ಸಿ. ಪೈಪುಗಳಲ್ಲಿ ಸಿಮೆಂಟಿನ ಸುಣ್ಣದ ಅಂಶ ಮೆದುನೀರಿಗೆ ಸೋರಿ ಗೋಡೆ ಮೆತ್ತಗಾಗುತ್ತದೆ; ಇವುಗಳನ್ನು ಒಣಗಿದ ಸ್ಥಿತಿಯಲ್ಲಿ ಗರಗಸದಿಂದ ಕೊಯ್ಯುವ ಕೆಲಸಗಾರರ ಶ್ವಾಸಕೋಶಕ್ಕೆ ಕಲ್ನಾರಿನ ಧೂಳು ಅಪಾಯಕಾರಿಯಾದ್ದರಿಂದ ನೀರು ಸುರಿಯುತ್ತಾ ಕೊಯ್ಯಬೇಕೆಂಬುದು ಪಾಲಿಸಲೇಬೇಕಾದ ಎಚ್ಚರಿಕೆ. ಪಿವಿಸಿ ಕೊಳವೆಗೆ ತುಕ್ಕಿಲ್ಲ, ಆದರೆ ಅದರ ಆಯುಷ್ಯ ಹಾಕಿದವರ ಕೈಯಲ್ಲಿದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಡಿ.ಐ. ಪೈಪು, ಅಂದರೆ ಮುರಿಯದೆ ತುಸು ಬಾಗಬಲ್ಲ ಡಕ್ಟೈಲ್ ಕಬ್ಬಿಣದ ಕೊಳವೆ, ಒಳಗೆ ಸಿಮೆಂಟ್ ಲೇಪನ ಹೊಂದಿದ್ದು ಇವೆಲ್ಲಕ್ಕಿಂತ ಗಟ್ಟಿ, ಬೆಲೆಯೂ ಹೆಚ್ಚು.

ನೆಲದ ಪಾತ್ರವನ್ನು ಹುನಗುಂದದ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ. ಅದರೊಳಗೆ ಮಲಗಿದ ಕೊಳವೆಯು ಪ್ರತಿ ವರ್ಷವೂ ಒಂದು ಕಡೆ ಮೇಲಕ್ಕೂ ಇನ್ನೊಂದು ಕಡೆ ಕೆಳಕ್ಕೂ ಎಳೆಯಲ್ಪಟ್ಟು, ಬಾಗಲಾರದ ಬೀಡು ಕಬ್ಬಿಣ ಮತ್ತು ಎ.ಸಿ. ಕೊಳವೆಗಳು ಅಡ್ಡಕ್ಕೆ ಸೀಳುತ್ತವೆ. ಸಣ್ಣ ವ್ಯಾಸದ ಕೊಳವೆಗಳಲ್ಲಿ ಈ ತೊಂದರೆ ಹೆಚ್ಚು. ಬಾದಾಮಿಯ ಕಡೆಗೆ ಬಂದರೆ ಕಷ್ಟದ ಬಗೆ ಬೇರೆ: ಮರಳುಗಲ್ಲು ಅಲುಗುವುದಿಲ್ಲ, ಆದರೆ ಬಂಡೆ ಕಡಿದು ಮಾಡಿದ ಕಾಲುವೆಯಲ್ಲಿ ಮರಳಿನ ಹಾಸಿಗೆ ಹಾಕದೆ ಪ್ಲಾಸ್ಟಿಕ್ ಕೊಳವೆಯನ್ನು ಇಟ್ಟು ಮುಚ್ಚಿದರೆ, ಕಲ್ಲಿನ ಒಂದು ಮೊನೆ ಅದೇ ಜಾಗವನ್ನು ವರ್ಷಗಟ್ಟಲೆ ಒತ್ತಿ ತೂತು ಮಾಡುತ್ತದೆ. ಅಗೆತದ ಖರ್ಚು ಹೆಚ್ಚೆಂದು ಕಾಲುವೆಯ ಆಳವನ್ನು ಕಡಿಮೆ ಮಾಡುವ ಗುತ್ತಿಗೆದಾರರ ಅಭ್ಯಾಸಕ್ಕೆ ಬಾದಾಮಿಯಂತೆ ಗ್ರಾನೈಟಿನ ಇಳಕಲ್ಲಿನಲ್ಲೂ ಪ್ರಲೋಭನೆ ಹೆಚ್ಚು. ಮೇಲ್ಮಟ್ಟದಲ್ಲೇ ಉಳಿದ ಕೊಳವೆಯ ಮೇಲೆ ವಾಹನಗಳ ಭಾರ ನೇರವಾಗಿ ಬೀಳುತ್ತದೆ. ಇನ್ನು ಮಲಪ್ರಭೆಯ ದಡದ ಊರುಗಳಲ್ಲಿ, 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೇ ನುಗ್ಗಿದಂಥ ನೆರೆಯು ಕೊಳವೆಯ ಕೆಳಗಿನ ಮಣ್ಣನ್ನು ಕೊಚ್ಚಿಕೊಂಡು ಹೋಗಬಲ್ಲದು. ಹೀಗಾಗಿ ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಬಂದ ಕೊಳವೆಗಳು ಮೂವತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಬೇರೆ ಬೇರೆ ವಯಸ್ಸಿಗೆ ಮುದಿಯಾಗುತ್ತವೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಊರುಗಳ ಕೊಳವೆಗಳನ್ನು ಹಾಳುಮಾಡುವುದು ನೀರು ಬಿಡುವ ಪದ್ಧತಿ. ಎರಡು ದಿನಕ್ಕೋ ವಾರಕ್ಕೋ ಒಮ್ಮೆ ಕೆಲವು ತಾಸು ಮಾತ್ರ ನೀರು ಬಿಟ್ಟಾಗ, ಖಾಲಿ ಕೊಳವೆಗೆ ನುಗ್ಗುವ ನೀರು ಒಳಗಿನ ಗಾಳಿಯನ್ನು ದಬ್ಬುತ್ತಾ ಸಂದುಗಳಿಗೆ ಬಡಿಯುತ್ತದೆ. ನೀರು ನಿಂತ ಮೇಲೆ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಅದೇ ಸಂದುಗಳ ಮೂಲಕ ಸುತ್ತಲಿನ ಕೊಳೆನೀರು ಒಳಗೆ ಎಳೆಯಲ್ಪಡುತ್ತದೆ. ಮನೆಯ ನಳಕ್ಕೆ ಹೋಗುವ ತೆಳುವಾದ ಜಿ.ಐ. ಪೈಪು, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪು, ಎಷ್ಟೋ ಕಡೆ ಗಟಾರವನ್ನು ದಾಟಿಯೇ ಹೋಗುತ್ತದೆ ಎಂಬುದನ್ನು ನೆನೆದರೆ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಸೋರಿಕೆಯ ಲೆಕ್ಕವನ್ನೂ ಈ ಪದ್ಧತಿ ಮುಚ್ಚಿಡುತ್ತದೆ. ನಾಲ್ಕು ದಿನಕ್ಕೊಮ್ಮೆ ಎರಡು ತಾಸು ನೀರು ಬರುವ ಬೀದಿಯಲ್ಲಿ ಒಂದು ತೂತು ದಿನಕ್ಕೆ ಸರಾಸರಿ ಅರ್ಧ ತಾಸು ಮಾತ್ರ ಸೋರುತ್ತದೆ. ಅದೇ ಬೀದಿಗೆ ಅದೇ ಒತ್ತಡದಲ್ಲಿ ದಿನವಿಡೀ ನೀರು ಬಿಟ್ಟರೆ ಅದೇ ತೂತಿನಿಂದ 48 ಪಟ್ಟು ನೀರು ಹೋಗುತ್ತದೆ. ಹಳೆಯ ಜಾಲವನ್ನು ಹಾಗೆಯೇ ಇಟ್ಟುಕೊಂಡು ನಿರಂತರ ನೀರು ಕೊಡುತ್ತೇವೆಂಬ ಭರವಸೆಗಳು ಏಕೆ ಕೈಗೂಡುವುದಿಲ್ಲವೆಂಬುದು ಈ ಸಣ್ಣ ಗುಣಾಕಾರದಲ್ಲಿಯೇ ಇದೆ.

ಪಟ್ಟದಕಲ್ಲಿನ ಬದಿಯಲ್ಲಿ ಹರಿಯುವ ಮಲಪ್ರಭೆಯ ನೀರನ್ನೇ, ಮೇಲಕ್ಕೆ ನವಿಲುತೀರ್ಥದ ರೇಣುಕಾಸಾಗರದಿಂದ ಪಡೆಯುವ ಹುಬ್ಬಳ್ಳಿ-ಧಾರವಾಡದಲ್ಲಿ ಈ ಮಾತಿಗೆ ಪುರಾವೆ ದೊರೆತಿದೆ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ವಲಯಗಳಲ್ಲಿ ಕಳೆದ ದಶಕಕ್ಕೂ ಹಿಂದೆ ನಿರಂತರ ನೀರು ಸರಬರಾಜಿನ ಪ್ರಯೋಗ ನಡೆದಾಗ, ಆ ವಲಯಗಳ ವಿತರಣಾ ಕೊಳವೆಗಳನ್ನೂ ಮನೆಗಳ ಸಂಪರ್ಕಗಳನ್ನೂ ಪೂರ್ತಿಯಾಗಿ ಬದಲಿಸಬೇಕಾಯಿತು. ಅಲ್ಲಿನ ನಿರಂತರ ಸರಬರಾಜಿನ ವಲಯವನ್ನೂ ಪಕ್ಕದ ಹಳೆಯ ಪದ್ಧತಿಯ ವಲಯವನ್ನೂ ಹೋಲಿಸಿ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲದ ಬೆರಕೆಯನ್ನು ಸೂಚಿಸುವ ಇ. ಕೋಲೈ ಬ್ಯಾಕ್ಟೀರಿಯಾ ಹಳೆಯ ಪದ್ಧತಿಯ ನಳಗಳ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿಯೂ, ನಿರಂತರ ನೀರಿನ ನಳಗಳಲ್ಲಿ ಕೇವಲ ಶೇ. 0.7ರಷ್ಟರಲ್ಲಿಯೂ ಕಂಡುಬಂದಿತು. ಶುದ್ಧೀಕರಣ ಘಟಕದಿಂದ ಹೊರಟಾಗ ಶುದ್ಧವಾಗಿದ್ದ ನೀರು ಮನೆಗೆ ಮುಟ್ಟುವಷ್ಟರಲ್ಲಿ ಕೆಡುತ್ತದೆ ಎಂದಾದರೆ, ಕೊಳವೆಯ ಪ್ರಶ್ನೆ ಹಣದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ರಾಜ್ಯ ಇನ್ನೂ ಮರೆತಿಲ್ಲ.

ಹಣದ ಪ್ರಶ್ನೆಗೆ ಒಂದು ನೇರವಾದ ಸೂತ್ರವಿದೆ. ಯೂರಿ ಶಾಮಿರ್ ಮತ್ತು ಚಾರ್ಲ್ಸ್ ಹೋವರ್ಡ್ ಎಂಬ ಎಂಜಿನಿಯರುಗಳು 1979ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕೊಳವೆ ಒಡೆಯುವ ಪ್ರಮಾಣವು ವರ್ಷದಿಂದ ವರ್ಷಕ್ಕೆ ಚಕ್ರಬಡ್ಡಿಯ ರೀತಿಯಲ್ಲಿ ಏರುತ್ತದೆಂದು ಹಿಡಿದು, ದುರಸ್ತಿಯ ಖರ್ಚು ಮತ್ತು ಬದಲಾವಣೆಯ ಖರ್ಚು ಎರಡೂ ಸೇರಿ ಅತ್ಯಂತ ಕಡಿಮೆಯಾಗುವ ವರ್ಷವನ್ನು ಕಂಡುಹಿಡಿಯುವ ಬಗೆಯನ್ನು ತೋರಿಸಿದರು. ಗಣಿತವನ್ನು ಬದಿಗಿಟ್ಟು ಹೇಳುವುದಾದರೆ ತತ್ವ ಇಷ್ಟು: ಹೊಸ ಕೊಳವೆಗೆ ಬೇಕಾದ ಹಣವನ್ನು ಈ ವರ್ಷ ಖರ್ಚುಮಾಡದೆ ಇಟ್ಟುಕೊಂಡರೆ ಅದಕ್ಕೆ ಒಂದು ವರ್ಷದ ಬಡ್ಡಿ ಉಳಿಯುತ್ತದೆ, ಹಳೆಯ ಕೊಳವೆಯ ಒಂದು ವರ್ಷದ ದುರಸ್ತಿಯ ಖರ್ಚು ಆ ಬಡ್ಡಿಗಿಂತ ಕಡಿಮೆ ಇರುವವರೆಗೆ ಕಾಯುವುದು ಲಾಭ, ಅದನ್ನು ಮೀರಿದ ವರ್ಷ ಬದಲಿಸುವುದು ಲಾಭ.

ತಿಳಿಯುವುದಕ್ಕೆಂದು ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳಬಹುದು. ಒಂದು ಕಿಲೋಮೀಟರ್ ಕೊಳವೆಯನ್ನು ಬದಲಿಸಲು 30 ಲಕ್ಷ ರೂಪಾಯಿ ಬೇಕು, ಬಡ್ಡಿ ಶೇ. 8 ಎಂದಾದರೆ ವರ್ಷದ ಬಡ್ಡಿ 2 ಲಕ್ಷ 40 ಸಾವಿರ. ಒಮ್ಮೆ ಒಡೆದರೆ ಅಗೆತ, ಜೋಡಣೆ ಮತ್ತು ರಸ್ತೆ ಮುಚ್ಚುವುದಕ್ಕೆ 20 ಸಾವಿರ ತಗಲುತ್ತದೆಂದು ಇಟ್ಟುಕೊಂಡರೆ, ವರ್ಷಕ್ಕೆ 12 ಬಾರಿ ಒಡೆಯುವವರೆಗೆ ಆ ಕೊಳವೆಯನ್ನು ಮುಟ್ಟಬೇಕಾಗಿಲ್ಲ. ಈಗ 3 ಬಾರಿ ಒಡೆಯುತ್ತಿದ್ದು, ಪ್ರತಿ ವರ್ಷ ಅದು ಶೇ. 10ರಷ್ಟು ಏರುತ್ತಿದ್ದರೆ, ಬದಲಾವಣೆಯ ಕಾಲ ಸುಮಾರು ಹದಿನಾಲ್ಕೂವರೆ ವರ್ಷದ ಮೇಲೆ ಬರುತ್ತದೆ. ಈಗ ಅದೇ ಒಡಕಿನ ಖರ್ಚಿಗೆ ಹರಿದುಹೋದ ಶುದ್ಧ ನೀರಿನ ಬೆಲೆ, ಬೀದಿಗೆ ಕಳಿಸಿದ ಟ್ಯಾಂಕರಿನ ಬಾಡಿಗೆ, ಕೊಡ ಹಿಡಿದು ಕಾಯುತ್ತಾ ಕೂಲಿ ಬಿಟ್ಟ ಹೆಂಗಸರ ದಿನಗಳು, ವಾಂತಿಭೇದಿಯಾದ ಮಕ್ಕಳ ಆಸ್ಪತ್ರೆಯ ಖರ್ಚು ಇವನ್ನೂ ಸೇರಿಸಿ 60 ಸಾವಿರವೆಂದು ಹಿಡಿದರೆ, ಬದಲಾವಣೆಯ ಮಿತಿ ವರ್ಷಕ್ಕೆ 4 ಒಡಕಿಗೆ ಇಳಿದು, ಕಾಲವು ಬರೀ ಮೂರು ವರ್ಷದ ಆಚೆಗೆ ಬಂದು ನಿಲ್ಲುತ್ತದೆ. ಕೊಳವೆ ಅದೇ, ಮಣ್ಣು ಅದೇ, ಬಡ್ಡಿ ಅದೇ. ಯಾರ ನಷ್ಟವನ್ನು ಲೆಕ್ಕಕ್ಕೆ ಸೇರಿಸಲಾಯಿತು ಎಂಬುದೊಂದೇ ಬದಲಾದದ್ದು. ಕೊಳವೆ ಬದಲಿಸುವ ವರ್ಷವನ್ನು ಗೊತ್ತುಮಾಡುವುದು ಲೋಹದ ಗುಣಕ್ಕಿಂತ ಹೆಚ್ಚಾಗಿ ಈ ಆಯ್ಕೆಯೇ, ಮತ್ತು ಪುರಸಭೆಯ ಲೆಕ್ಕಪುಸ್ತಕದಲ್ಲಿ ಕಾಣಿಸುವುದು ಸಾಮಾನ್ಯವಾಗಿ ಆ ಮೊದಲ 20 ಸಾವಿರ ಮಾತ್ರ.

ಇದರ ಜೊತೆಗೆ ಹಣ ಬರುವ ದಾರಿಯೂ ನಿರ್ಧಾರವನ್ನು ತಿರುಚುತ್ತದೆ. ದುರಸ್ತಿಯ ಖರ್ಚು ಹೆಚ್ಚಾಗಿ ಸ್ಥಳೀಯ ಸಂಸ್ಥೆಯ ನೀರಿನ ಕರದಿಂದ ಮತ್ತು ವಾರ್ಷಿಕ ಅನುದಾನದಿಂದ ಹೋಗುತ್ತದೆ, ಹೊಸ ಜಾಲಕ್ಕೆ ಹಣ ಬರುವುದು 2015ರ ಅಮೃತ್, 2021ರ ಅಮೃತ್ 2.0, ಗ್ರಾಮಗಳಿಗಾದರೆ 2019ರ ಜಲ ಜೀವನ್ ಮಿಷನ್‌ನಂಥ ದೊಡ್ಡ ಯೋಜನೆಗಳಿಂದ. ಯೋಜನೆ ಬಂದ ವರ್ಷ ಗಟ್ಟಿಯಾದ ಕೊಳವೆಯೂ ಹೋಗುತ್ತದೆ, ಬಾರದ ವರ್ಷಗಳಲ್ಲಿ ನೂರು ಕಡೆ ತೇಪೆ ಹಾಕಿದ ಕೊಳವೆಯೂ ಉಳಿಯುತ್ತದೆ. ಪ್ರತಿ ವರ್ಷ ನೀರಿನ ಕರದ ಒಂದು ಪಾಲನ್ನು ಕೊಳವೆಗಳ ಸವಕಳಿಗೆಂದು ತೆಗೆದಿಡುವ ಸ್ಥಳೀಯ ಸಂಸ್ಥೆಗಳು ವಿರಳ. ಕರವನ್ನು ಏರಿಸದಂತೆ ಒತ್ತಾಯಿಸುವವರೇ ಮುಂದೆ ನೀರಿಲ್ಲವೆಂದು ಪ್ರತಿಭಟಿಸುವುದರಿಂದ, ಈ ತಪ್ಪನ್ನು ಕಚೇರಿಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಹುನಗುಂದ-ಇಳಕಲ್ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ (ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ) ನದಿಯ ನೀರನ್ನು ತರುವ ಬಹುಗ್ರಾಮ ಯೋಜನೆಗಳು ಅಲ್ಲಿ ಅಗತ್ಯವಾದವು. ಆದರೆ ದಶಕಗಳ ಕಾಲ ಗಡಸು ನೀರು ಹರಿದು ಒಳಗೆ ಪದರಗಟ್ಟಿದ ಕೊಳವೆಗೆ ಬೇರೆ ಗುಣದ ನೀರು ಬಂದಾಗ ಆ ಪದರ ಸಡಿಲವಾಗಿ ಬಣ್ಣದ ನೀರಾಗಿ ಹೊರಬೀಳಬಹುದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಿಸಿ, ಕೊಳವೆಯ ಕೊರೆತವನ್ನು ತಡೆಯುವ ರಾಸಾಯನಿಕವನ್ನು ಸೇರಿಸದೆ ಹೋದುದರಿಂದ ಸೀಸದ ಕೊಳವೆಗಳ ವಿಷವೇ ಮನೆಗಳ ನಳಕ್ಕೆ ಬಂದದ್ದು ಜಗತ್ತಿಗೆ ತಿಳಿದ ಸಂಗತಿ; ನಮ್ಮ ಹಳ್ಳಿಗಳಲ್ಲಿ ಸೀಸದ ಕೊಳವೆ ಇಲ್ಲವಾದರೂ, ಮೂಲ ಬದಲಾಗುವ ವರ್ಷವೇ ಹಳೆಯ ಜಾಲವನ್ನು ಪರೀಕ್ಷಿಸಲು ಸರಿಯಾದ ವರ್ಷ ಎಂಬ ಪಾಠ ಇಲ್ಲಿಗೂ ಸಲ್ಲುತ್ತದೆ.

ಬದಲಾವಣೆ ಎಂದಾಕ್ಷಣ ಇಡೀ ಊರನ್ನು ಅಗೆಯಬೇಕೆಂದು ಭಾವಿಸಬೇಕಾಗಿಲ್ಲ. ಒಳಗೆ ಕಿಟ್ಟ ಕಟ್ಟಿ 100 ಮಿಲಿಮೀಟರಿನ ಕೊಳವೆ 80 ಮಿಲಿಮೀಟರಿಗೆ ಕಿರಿದಾದರೆ ಅದರಲ್ಲಿ ಹರಿಯುವ ನೀರು ಸುಮಾರು ಶೇ. 55ಕ್ಕೆ ಇಳಿಯುತ್ತದೆ, ಆದರೆ ಕೊಳವೆಯ ಗೋಡೆ ಗಟ್ಟಿಯಾಗಿದ್ದರೆ ಒಳಭಾಗವನ್ನು ಕೆರೆದು ಸಿಮೆಂಟ್ ಲೇಪಿಸಿದರೂ ಸಾಕು. ಸೋರಿಕೆಗಳಲ್ಲಿ ದೊಡ್ಡ ಪಾಲು ಮುಖ್ಯ ಕೊಳವೆಯಿಂದ ಮನೆಗೆ ಹೋಗುವ ಸಂಪರ್ಕದಲ್ಲಿ ಇರುವುದರಿಂದ, ಗಟಾರ ದಾಟುವ ಜಿ.ಐ. ಪೈಪುಗಳನ್ನು ತೆಗೆದು ಸಂದಿಲ್ಲದ ಪಾಲಿಥೀನ್ ಪೈಪುಗಳನ್ನು ಹಾಕುವುದರಿಂದಲೇ ಎಷ್ಟೋ ಬೀದಿಗಳ ಮುಖ್ಯ ಕೊಳವೆಗೆ ಇನ್ನೂ ಹತ್ತು ವರ್ಷ ದೊರೆಯಬಹುದು. ಯಾವ ಬೀದಿಯಲ್ಲಿ ತೊಂದರೆ ಎಂದು ತಿಳಿಯಲು ಊರನ್ನು ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಬಾಯಿಗೆ ಮೀಟರು ಕೂಡಿಸಿ, ಜನರೆಲ್ಲ ಮಲಗಿರುವ ರಾತ್ರಿ ಎರಡರಿಂದ ನಾಲ್ಕರ ನಡುವೆ ಒಳಹೋಗುವ ನೀರನ್ನು ಅಳೆಯುತ್ತಾರೆ. ಆ ಹೊತ್ತಿನಲ್ಲಿ ಹರಿಯುವ ನೀರಿನ ಬಹುಪಾಲು ಸೋರಿಕೆಯೇ. ದಿನಬಿಟ್ಟು ದಿನ ನೀರು ಬರುವ ಊರಿನಲ್ಲಿ ಈ ಪರೀಕ್ಷೆಗೆಂದೇ ಒಂದೆರಡು ರಾತ್ರಿ ಕೊಳವೆ ತುಂಬಿರುವಂತೆ ನೋಡಿಕೊಳ್ಳಬೇಕಾಗುತ್ತದೆ. ಸರಿಯಾದ ಮುಹೂರ್ತವೆಂದರೆ ರಸ್ತೆಗೆ ಕಾಂಕ್ರೀಟ್ ಹಾಕುವ ಮುಂಚಿನ ವರ್ಷ. ಹೊಸ ಸಿ.ಸಿ. ರಸ್ತೆಯನ್ನು ಆರು ತಿಂಗಳಲ್ಲಿ ಕೊಯ್ದು ಕೊಳವೆ ಹಾಕುವ ದೃಶ್ಯ ಉತ್ತರ ಕರ್ನಾಟಕದ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ಯಾರೂ ತಪ್ಪೆಂದು ಹೇಳುವುದನ್ನೇ ಬಿಟ್ಟಿದ್ದಾರೆ.

ಪಟ್ಟದಕಲ್ಲು, ಐಹೊಳೆ, ಬಾದಾಮಿಗಳಲ್ಲಿ ಅಗೆಯುವುದಕ್ಕೆ ಕಾನೂನಿನ ಕಟ್ಟೂ ಇದೆ. ಪಟ್ಟದಕಲ್ಲಿನ ದೇವಾಲಯ ಸಮೂಹ 1987ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಹಳ್ಳಿಯ ಮನೆಗಳೂ ಬೀದಿಗಳೂ ಇದರೊಳಗೆ ಬರುವುದರಿಂದ ಇಲ್ಲಿ ನೀರಿನ ಕೆಲಸವೇ ಸಾಧ್ಯವಿಲ್ಲವೆಂಬ ಅಭಿಪ್ರಾಯ ಬೆಳೆಯಬಹುದು. ವಾಸ್ತವವಾಗಿ ಆ ಕಾಯ್ದೆಯು ನಿರ್ಮಾಣಕ್ಕೆ ಕೊಟ್ಟಿರುವ ವ್ಯಾಖ್ಯೆಯು ಸಾರ್ವಜನಿಕರಿಗೆ ನೀರು ಒದಗಿಸುವ ಕಾಮಗಾರಿಗಳನ್ನು ಹೊರಗಿಟ್ಟಿದೆ. ಸ್ಮಾರಕದ ಸಂರಕ್ಷಿತ ಆವರಣದೊಳಗೆ ಮಾತ್ರ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಗುದ್ದಲಿ ಹಾಕುವಂತಿಲ್ಲ. ಮರಳುಗಲ್ಲಿನ ಕಟ್ಟಡದ ಬಳಿ ಒಂದು ಕೊಳವೆ ಒಳಗೊಳಗೇ ಸೋರುತ್ತಿದ್ದರೆ, ತೇವವು ಕಲ್ಲಿನೊಳಗೆ ಏರಿ, ಒಣಗುವಾಗ ಅದರಲ್ಲಿದ್ದ ಲವಣ ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನು ಉದುರಿಸುತ್ತದೆ. ಕೊಳವೆಯ ನಿರ್ಧಾರದಲ್ಲಿ ಒಡೆಯುವ ಸಂಭವದಷ್ಟೇ ಒಡೆದರೆ ಆಗುವ ಹಾನಿಯನ್ನೂ ಗುಣಿಸಿ ನೋಡಬೇಕೆಂಬ ನಿಯಮದಂತೆ, ಎಂಟನೆಯ ಶತಮಾನದ ಗೋಡೆಯ ಹತ್ತಿರದ ಕೊಳವೆಯನ್ನು ಅದು ಒಮ್ಮೆಯೂ ಒಡೆಯುವ ಮುನ್ನವೇ ಬದಲಿಸುವುದು ದುಂದು ಎನಿಸದು.

ಬಾಗಲಕೋಟೆಯಲ್ಲಿ ಪ್ರಶ್ನೆ ತಲೆಕೆಳಗಾಗುತ್ತದೆ. ಆಲಮಟ್ಟಿ ಅಣೆಕಟ್ಟಿನ ಈಗಿನ ಮಟ್ಟ 519.60 ಮೀಟರ್, ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ, ಮುಳುಗುವವರಿಗಾಗಿ ನವನಗರ ಹಂತಹಂತವಾಗಿ ಬೆಳೆಯುತ್ತಿದೆ. ಈ ಎರಡು ಮಟ್ಟಗಳ ನಡುವೆ ಸಿಕ್ಕ ಬೀದಿಗೆ ಅರವತ್ತು ವರ್ಷ ಬಾಳುವ ಡಿ.ಐ. ಪೈಪನ್ನು ಹಾಕುವುದು ಹಣವನ್ನು ನೀರಿಗೆ ಹಾಕಿದಂತೆ, ಏಕೆಂದರೆ ಅಲ್ಲಿ ಕೊಳವೆಗಿಂತ ಮೊದಲು ಬೀದಿಯ ಆಯುಷ್ಯ ಮುಗಿಯುತ್ತದೆ. ಹಾಗೆಂದು ಮುಳುಗಡೆಯ ನೆಪದಲ್ಲಿ ಅಲ್ಲಿನ ಜನ ವರ್ಷಾನುಗಟ್ಟಲೆ ಕೊಳೆನೀರು ಕುಡಿಯುವುದೂ ಸಲ್ಲದು. ಅಂಥ ಕಡೆ ಮೇಲ್ಮಟ್ಟದಲ್ಲಿ ಅಗ್ಗದ ಎಚ್.ಡಿ.ಪಿ.ಇ. ಕೊಳವೆಯನ್ನು ಎಳೆದು, ಊರು ಎದ್ದ ದಿನ ಸುತ್ತಿ ಒಯ್ಯುವುದು ಉಚಿತವಾದ ದಾರಿ.

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದ ಮೂಲ ಸಾಮಗ್ರಿ ಒಂದು ರಿಜಿಸ್ಟರ್ ಪುಸ್ತಕ ಮಾತ್ರ. ಯಾವ ತಾರೀಖು, ಯಾವ ಬೀದಿಯ ಯಾವ ಮನೆಯ ಮುಂದೆ, ಎಷ್ಟು ಗಾತ್ರದ ಎಂಥ ಕೊಳವೆ, ಸಂದಿನಲ್ಲೋ ಮೈಯಲ್ಲೋ ಒಡೆಯಿತು, ಸರಿಪಡಿಸಲು ಎಷ್ಟು ಹಿಡಿಯಿತು ಎಂಬ ಐದಾರು ಅಂಕಣಗಳು ಸಾಕು. ಹತ್ತು ವರ್ಷ ಅದನ್ನು ತುಂಬಿದ ಊರಿಗೆ ಯಾವ ಸಲಹೆಗಾರ ಸಂಸ್ಥೆಯ ದುಬಾರಿ ವರದಿಯೂ ಬೇಕಾಗುವುದಿಲ್ಲ. ಈಗ ಈ ಮಾಹಿತಿ ಬಹುತೇಕ ಕಡೆ ವಾಲ್ವ್ ತಿರುಗಿಸುವ ವಾಟರ್‌ಮನ್‌ನ ತಲೆಯಲ್ಲಿದ್ದು, ಆತ ನಿವೃತ್ತನಾದ ದಿನ ಅವನೊಂದಿಗೆ ಮನೆಗೆ ಹೋಗುತ್ತದೆ. ಪಟ್ಟದಕಲ್ಲಿನ ಗ್ರಾಮಸಭೆಯಲ್ಲಾಗಲಿ, ಇಳಕಲ್ಲಿನ ವಾರ್ಡ್ ಸಭೆಯಲ್ಲಾಗಲಿ ಹೊಸ ಕೊಳವೆ ಬೇಕೆಂದು ಕೇಳುವವರು, ಕಳೆದ ವರ್ಷ ತಮ್ಮ ಬೀದಿಯಲ್ಲಿ ಎಷ್ಟು ಬಾರಿ ಒಡೆಯಿತೆಂಬ ಪುಸ್ತಕವನ್ನು ಮೊದಲು ತೋರಿಸಿರೆಂದು ಕೇಳಬೇಕು. ಪುಸ್ತಕ ಇಲ್ಲವೆಂಬ ಉತ್ತರ ಬಂದರೆ ಅದೇ ಸಭೆಯಲ್ಲಿ ಅದನ್ನು ಆರಂಭಿಸುವ ಠರಾವು ಮಾಡಿಸಬೇಕು.